ಸಾಲು ಮನೆಯಲ್ಲೇ ನಿಲ್ಲಲಿ: ತಡವರಿಸುವ ನೆಟ್‌ಗೆ ಮದ್ದು

ನೂರು ಎಂಬಿಪಿಎಸ್ ಪ್ಲಾನ್ ಇರುವ ಮನೆ. ರಾತ್ರಿ ಒಂಬತ್ತಕ್ಕೆ ಅಜ್ಜಿ ಕುಂದಾಪುರದ ತಂಗಿಯೊಡನೆ ವಿಡಿಯೋ ಕಾಲ್‌ನಲ್ಲಿ ಮಾತಿಗೆ ಕೂರುತ್ತಾರೆ. ಒಳಕೋಣೆಯಲ್ಲಿ ಮೊಮ್ಮಗ ಕಾಲೇಜಿನ ಪ್ರಾಜೆಕ್ಟ್ ಫೈಲನ್ನು ಡ್ರೈವ್‌ಗೆ ಏರಿಸುತ್ತಿದ್ದಾನೆ, ಯಾರದೋ ಮೊಬೈಲ್ ದಿನದ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡತೊಡಗಿದೆ. ತಂಗಿಯ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗುತ್ತದೆ. ಸ್ಪೀಡ್ ಟೆಸ್ಟ್ ಮಾತ್ರ ತೊಂಬತ್ತೈದು ತೋರಿಸುತ್ತದೆ. ಕೇಬಲ್‌ವಾಲಾನಿಗೆ ಫೋನ್ ಮಾಡಿದರೆ ಇನ್ನೂರರ ಪ್ಲಾನ್ ಹಾಕಿಸಿಕೊಳ್ಳಿ ಎನ್ನುತ್ತಾನೆ. ಹಾಕಿಸಿಕೊಂಡ ಮೇಲೂ ಒಂಬತ್ತು ಗಂಟೆಗೆ ಅದೇ ಗೋಳು.

ಇಂಥ ಮನೆಗೆ ಬೇಕಾದ್ದು ಇನ್ನಷ್ಟು ವೇಗವಲ್ಲ. ಡೇಟಾದ ಸಾಲು ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ತಿಳಿಯಬೇಕು. ಆಮೇಲೆ ಆ ಸಾಲನ್ನು ನಮ್ಮ ಕೈಗೆಟಕುವ ಕಡೆಗೆ, ಅಂದರೆ ಮನೆಯ ರೂಟರಿನೊಳಕ್ಕೆ ತಂದುಕೊಳ್ಳಬೇಕು. ಬಹಳಷ್ಟು ಮನೆಗಳಲ್ಲಿ ಇದು ಒಂದು ಸಂಜೆಯ ಕೆಲಸ. ಹೆಚ್ಚು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಕೊಳ್ಳುವ ಮುನ್ನ ಇಷ್ಟನ್ನು ಮಾಡಿ ನೋಡಿ ಎಂಬುದೇ ನನ್ನ ಕೋರಿಕೆ.

ಮುಂಬಯಿಯ ಮಾಟುಂಗದವರಿಗೆ ಇದನ್ನು ಮಳೆನೀರಿನ ಲೆಕ್ಕದಲ್ಲಿ ಹೇಳಬಹುದು. ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟ್‌ನಲ್ಲಿ ನೀರು ನಿಲ್ಲುವುದು ಮಳೆ ಸುರಿಯುವ ದರ ಚರಂಡಿ ಸಾಗಿಸುವ ದರವನ್ನು ಮೀರಿದಾಗ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳ ಲೆಕ್ಕಾಚಾರ ಗಂಟೆಗೆ 25 ಮಿಲಿಮೀಟರ್ ಮಳೆಯದು. ಅದಕ್ಕಿಂತ ಜೋರಾಗಿ ಹೊಯ್ದರೆ, ಜೊತೆಗೆ ಸಮುದ್ರದಲ್ಲಿ ಭರತವೂ ಇದ್ದರೆ, ನೀರಿಗೆ ಹೋಗಲು ದಾರಿಯಿಲ್ಲ. ಸ್ವಲ್ಪ ದಕ್ಷಿಣಕ್ಕಿರುವ ಹಿಂದ್‌ಮಾತಾದ ನೀರಿಗಾಗಿ ಪಾಲಿಕೆಯವರು ಪರೇಲ್‌ನ ಸೇಂಟ್ ಝೇವಿಯರ್ ಮೈದಾನ, ದಾದರ್‌ನ ಪ್ರಮೋದ್ ಮಹಾಜನ್ ಕಲಾ ಪಾರ್ಕುಗಳ ಅಡಿಯಲ್ಲಿ ದೊಡ್ಡ ಟ್ಯಾಂಕಿಗಳನ್ನು ಕಟ್ಟಿದರು. ಬಂದ ನೀರನ್ನು ಅಲ್ಲಿ ಹಿಡಿದಿಟ್ಟು, ಸಮುದ್ರ ಇಳಿದ ಮೇಲೆ ಹೊರಹಾಕುವುದು. ನೀರಿಗೆ ಇದು ತಕ್ಕ ಉಪಾಯ. ಟ್ಯಾಂಕಿಯಲ್ಲಿ ಕೆಲವು ತಾಸು ಕಾದರೂ ನೀರು ನೀರೇ.

ಡೇಟಾದ ವಿಷಯದಲ್ಲಿ ಇದೇ ಉಪಾಯ ರೋಗವಾಗುತ್ತದೆ. ರೂಟರಿನಲ್ಲೂ ಇಂಥ ಟ್ಯಾಂಕಿ ಇದೆ, ಅದರ ಹೆಸರು ಬಫರ್. ಹೊರಹೋಗುವ ದಾರಿ ಕಿರಿದಾದಾಗ ಡೇಟಾದ ತುಣುಕುಗಳಾದ ಪ್ಯಾಕೆಟ್‌ಗಳು ಅಲ್ಲಿ ಕಾಯುತ್ತವೆ. ಆದರೆ ಒಂದೂವರೆ ಸೆಕೆಂಡ್ ಕಾದು ಬಂದ ಮಾತು ಹಳಸಿದ ಮಾತು, ಅಷ್ಟರಲ್ಲಿ ಆ ಕಡೆಯವರು "ಹಲೋ, ಕೇಳಿಸ್ತಿದೆಯಾ?" ಎಂದು ಕೂಗಿಯಾಗಿರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ದೂರವಾಣಿ ಮಾತು ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ಗಿಂತ ತಡವಾಗದಿದ್ದರೆ ಒಳ್ಳೆಯದು. ಈಗ ಲೆಕ್ಕ ಹಾಕಿ. ಅಪ್‌ಲೋಡ್ ವೇಗ 5 ಎಂಬಿಪಿಎಸ್. ರೂಟರಿನ ಬಫರಿನಲ್ಲಿ 1 ಎಂಬಿ, ಅಂದರೆ 8 ಮೆಗಾಬಿಟ್, ಫೋಟೋ ಡೇಟಾ ತುಂಬಿದೆ. ಅದು ಖಾಲಿಯಾಗಲು 1.6 ಸೆಕೆಂಡ್ ಬೇಕು. ಅಜ್ಜಿಯ ಮಾತಿಗೆ ಬೇಕಾದ ಜಾಗ ಹೆಚ್ಚೆಂದರೆ 100 ಕೆಬಿಪಿಎಸ್. ಆದರೂ ಅದು ಇಡೀ ಫೋಟೋ ಸಾಲಿನ ಹಿಂದೆ ನಿಲ್ಲಬೇಕು. ಮೆಮೊರಿ ಅಗ್ಗವಾಗುತ್ತ ಬಂದಂತೆ ತಯಾರಕರು ಪ್ಯಾಕೆಟ್ ಕಳೆದುಹೋಗದಿರಲಿ ಎಂದು ಬಫರುಗಳನ್ನು ಹಿಗ್ಗಿಸುತ್ತ ಹೋದರು. 2010ರ ಸುಮಾರಿಗೆ ಜಿಮ್ ಗೆಟಿಸ್ ಎಂಬ ಅಮೆರಿಕನ್ ಎಂಜಿನಿಯರ್ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಪತ್ತೆಹಚ್ಚಿ ಲೋಕದ ಗಮನಕ್ಕೆ ತಂದರು. ಅಂದಿನಿಂದ ಈ ತೊಂದರೆಗೆ ಬಫರ್‌ಬ್ಲೋಟ್ ಎಂಬ ಹೆಸರು ನಿಂತಿದೆ.

ದಟ್ಟಣೆಯ ರೋಗ ಇದಕ್ಕಿಂತ ಹಳೆಯದು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿ ವಿಶ್ವವಿದ್ಯಾಲಯಕ್ಕೂ ನಡುವೆ ಡೇಟಾ ಸಾಗುವ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡಕ್ಕೂ ಅಂತರ ಬರೀ 400 ಗಜ. ದಾರಿ ಕೆಟ್ಟಿರಲಿಲ್ಲ, ಕಂಪ್ಯೂಟರುಗಳೂ ಕೆಟ್ಟಿರಲಿಲ್ಲ. ಸಾಲಿನಲ್ಲಿ ಕಾಯುತ್ತಿದ್ದ ಪ್ಯಾಕೆಟ್‌ಗಳನ್ನು ಕಳೆದುಹೋದವೆಂದು ಬಗೆದು ಕಂಪ್ಯೂಟರುಗಳು ಮತ್ತೆ ಮತ್ತೆ ಅವನ್ನೇ ಕಳಿಸಿ, ಇದ್ದ ಸಾಲನ್ನು ಇನ್ನೂ ಉದ್ದ ಮಾಡಿದ್ದವು. ವ್ಯಾನ್ ಜೇಕಬ್ಸನ್, ಮೈಕೆಲ್ ಕ್ಯಾರೆಲ್ಸ್ ಇಬ್ಬರೂ 1988ರಲ್ಲಿ ಒಂದು ಸಮ್ಮೇಳನದ ಪ್ರಬಂಧದಲ್ಲಿ ಪರಿಹಾರ ಕೊಟ್ಟರು. ಕಳಿಸುವವನು ಮೊದಲು ಸಣ್ಣದಾಗಿ ಆರಂಭಿಸಿ ದಾರಿಯ ಅಳತೆ ನೋಡಬೇಕು. ಆಮೇಲೆ ದರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಪ್ಯಾಕೆಟ್ ಕಳೆದುಹೋಯಿತೆಂದರೆ ದಾರಿ ತುಂಬಿದೆಯೆಂದು ತಿಳಿದು ದರವನ್ನು ಅರ್ಧಕ್ಕೆ ಇಳಿಸಬೇಕು. ಇಂದಿಗೂ ಪ್ರತಿ ಡೌನ್‌ಲೋಡಿನ ಒಡಲಲ್ಲಿ ಈ ಶಿಸ್ತಿನ ಯಾವುದಾದರೊಂದು ರೂಪ ಇದ್ದೇ ಇದೆ.

ಅದೇ 1988ರ ಅದೇ ಸಮ್ಮೇಳನದಲ್ಲಿ ಇನ್ನೊಂದು ಪ್ರಬಂಧವೂ ಇತ್ತು, ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್ ಅವರದು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಪ್ಯಾಕೆಟ್ ಕಳೆದುಹೋಗುವವರೆಗೆ ಕಾಯುವುದೇಕೆ, ಸಾಲು ಬೆಳೆಯತೊಡಗಿದಾಗಲೇ ರೂಟರು ಪ್ಯಾಕೆಟ್ಟಿನ ಮೇಲೆ ಒಂದು ಬಿಟ್ ಗುರುತು ಹಾಕಿ ಎಚ್ಚರಿಸಬಹುದಲ್ಲ ಎಂಬುದು ಅವರ ವಿಚಾರ. ಮರುವರ್ಷ ದಾ ಮಿಂಗ್ ಚಿಯು ಅವರೊಡನೆ ಜೈನ್ ಮತ್ತೊಂದು ಸಂಗತಿಯನ್ನು ಗಣಿತದಿಂದಲೇ ತೋರಿಸಿದರು: ಕೂಡಿಸುತ್ತ ಏರಿಸಿ, ಭಾಗಿಸಿ ಇಳಿಸಿದರೆ ಹಂಚಿಕೆ ತಾನಾಗಿ ಸಮಪಾಲಿನತ್ತ ಸಾಗುತ್ತದೆ. ಗುರುತು ಹಾಕುವ ಪದ್ಧತಿ 2001ರಲ್ಲಿ ಇಂಟರ್‌ನೆಟ್ಟಿನ ಪ್ರಮಾಣಿತ ನಿಯಮವಾಯಿತು; ಬರೆದ ಮೂವರಲ್ಲಿ ರಾಮಕೃಷ್ಣನ್ ಒಬ್ಬರು. ಕನ್ನಡ ಶಾಲೆಗಳ ಮಕ್ಕಳು ಈ ಹೆಸರುಗಳನ್ನು ಕೇಳಿಯೇ ಇರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮೊದಲು ಅಳತೆ

ಔಷಧಿಗೆ ಮುಂಚೆ ಪರೀಕ್ಷೆಯಾಗಬೇಕು. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ರೂಟರಿಗೆ ಜೋಡಿಸಿ, ಏಕೆಂದರೆ ವೈಫೈ ನಡುವೆ ಬಂದರೆ ಎರಡು ರೋಗ ಬೆರೆತುಹೋಗುತ್ತವೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಆಜ್ಞೆಯನ್ನು 8.8.8.8 ವಿಳಾಸಕ್ಕೆ ಕೊಡಿ. ಕೊನೆಯಲ್ಲಿ ಅಡ್ಡಗೆರೆ ಹಾಕಿ ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ಓಡುತ್ತಿರುತ್ತದೆ. ಮನೆಯಲ್ಲಿ ಯಾರೂ ನೆಟ್ ಬಳಸದಿರುವಾಗ ಬರುವ ಮಿಲಿಸೆಕೆಂಡ್ ಅಂಕಿಯನ್ನು ಬರೆದುಕೊಳ್ಳಿ. ಮುಂಬಯಿಯ ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಅದು ತೀರ ಚಿಕ್ಕದಿರುತ್ತದೆ. ಪಿಂಗ್ ಓಡುತ್ತಿರುವಾಗಲೇ ದೊಡ್ಡದೊಂದು ವಿಡಿಯೋವನ್ನು ಡ್ರೈವ್‌ಗೆ ಏರಿಸಿ. ಅಂಕಿ ಹತ್ತಿಪ್ಪತ್ತು ಏರಿದರೆ ನಿಮ್ಮ ಸಂಪರ್ಕ ಆರೋಗ್ಯವಾಗಿದೆ. ಇನ್ನೂರು, ಐನೂರು, ಸಾವಿರಕ್ಕೆ ಜಿಗಿದರೆ ರೋಗ ಸಿಕ್ಕಿತು. ಡೌನ್‌ಲೋಡಿಗೂ ಹೀಗೆಯೇ ಮಾಡಿ.

ಇಷ್ಟು ಕಷ್ಟ ಬೇಡವೆನ್ನುವವರು ಫಾಸ್ಟ್ ಡಾಟ್ ಕಾಮ್ ತೆರೆದು, ಹೆಚ್ಚಿನ ಮಾಹಿತಿ ತೋರಿಸುವ ಗುಂಡಿ ಒತ್ತಬಹುದು. ದಾರಿ ಖಾಲಿಯಿದ್ದಾಗಿನ ವಿಳಂಬವನ್ನೂ ತುಂಬಿದ್ದಾಗಿನ ವಿಳಂಬವನ್ನೂ ಅದು ಬೇರೆಬೇರೆಯಾಗಿ ಕೊಡುತ್ತದೆ. ವೇವ್‌ಫಾರ್ಮ್ ಎಂಬ ಜಾಲತಾಣದ ಬಫರ್‌ಬ್ಲೋಟ್ ಪರೀಕ್ಷೆ ಶಾಲೆಯ ಗ್ರೇಡಿನಂತೆ ಅಂಕ ಕೊಡುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ, ಎರಡೂ ಹೊತ್ತು ಅಳೆಯಲೇಬೇಕು. ಇದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡ್ ಓಡುತ್ತದೆ. ಕಂಪನಿಗಳು ನಿಮ್ಮ ಪ್ಲಾನ್ ವೇಗವನ್ನು ಹಿಡಿದಿಡಲು ಸಾಮಾನ್ಯವಾಗಿ ಬಳಸುವುದು ಟೋಕನ್ ಬಕೆಟ್ ಎಂಬ ಲೆಕ್ಕಾಚಾರ. ಟೋಕನ್‌ಗಳು ಪ್ಲಾನಿನ ದರದಲ್ಲಿ ಹುಟ್ಟುತ್ತಿರುತ್ತವೆ, ಡೇಟಾ ಹೋದಷ್ಟೂ ಟೋಕನ್ ಖರ್ಚಾಗುತ್ತದೆ, ಬಳಸದಿದ್ದವು ಒಂದು ಮಿತಿಯವರೆಗೆ ಉಳಿತಾಯವಾಗುತ್ತವೆ. ಉಳಿತಾಯ ದೊಡ್ಡದಾಗಿದ್ದಲ್ಲಿ ಮೊದಲ ಕೆಲವು ಕ್ಷಣ ಪ್ಲಾನಿಗಿಂತ ಹೆಚ್ಚಿನ ವೇಗ ಕಂಡು, ಉಳಿತಾಯ ಮುಗಿದೊಡನೆ ನಿಜವಾದ ದರಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ಫೈಲೊಂದನ್ನು ನಾಲ್ಕೈದು ನಿಮಿಷ ಇಳಿಸಿ ನೋಡಿದ ವೇಗವೇ ನಂಬತಕ್ಕದ್ದು. ಅದನ್ನು ಓದುವಾಗ ಬಿಟ್ಟನ್ನೂ ಬೈಟನ್ನೂ ಕಲಸಬೇಡಿ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ.

ಬಾಗಿಲು ನಿಮ್ಮ ಕೈಯಲ್ಲಿ

ಮಾಟುಂಗ ಪಶ್ಚಿಮದಲ್ಲಿ ಕರ್ನಾಟಕ ಸಂಘದ ಮಂದಿರಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅವರು ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಬಂದವು. ನೀರು ಗೊತ್ತುಮಾಡಿದ ಮಟ್ಟ ಮೀರಿದೊಡನೆ ತಾವಾಗಿ ತೆರೆದುಕೊಳ್ಳುವ, ಇಳಿದೊಡನೆ ಮುಚ್ಚಿಕೊಳ್ಳುವ ಬಾಗಿಲುಗಳು. ರೂಟರಿನ ಬಫರಿಗೂ ಬೇಕಾದ್ದು ಇಂಥದೇ ಬಾಗಿಲು: ಕಾಯುವಿಕೆ ಒಂದು ಮಟ್ಟ ಮೀರಿದರೆ ಕೆಲವು ಪ್ಯಾಕೆಟ್‌ಗಳನ್ನು ಬೀಳಿಸಿಬಿಡುವುದು, ಇಲ್ಲವೇ ಅವುಗಳ ಮೇಲೆ ಗುರುತು ಹಾಕುವುದು. ಕಳಿಸುವವನಿಗೆ ಸೂಚನೆ ಮುಟ್ಟಿ ಅವನು ದರ ಇಳಿಸುತ್ತಾನೆ. ಪ್ಯಾಕೆಟ್ ಬೀಳಿಸುವುದೇ ಚಿಕಿತ್ಸೆ ಎಂದರೆ ಮೊದಮೊದಲು ಯಾರೂ ಒಪ್ಪುವುದಿಲ್ಲ. ಆದರೆ 1988ರ ಶಿಸ್ತು ನಡೆಯುವುದೇ ಆ ಸೂಚನೆ ಸಕಾಲಕ್ಕೆ ಮುಟ್ಟಿದರೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ರೂಪಿಸಿದ ಕೋಡೆಲ್ ವಿಧಾನದಲ್ಲಿ ಈ ಮಟ್ಟ ಬರೀ 5 ಮಿಲಿಸೆಕೆಂಡ್.

ಇದರೊಡನೆ ಇನ್ನೊಂದು ಉಪಾಯ ಸೇರಬೇಕು. ಒಂದೇ ಸಾಲಿನ ಬದಲು ಪ್ರತಿ ಸಂಭಾಷಣೆಗೂ ಬೇರೆ ಸಾಲು ಕೊಟ್ಟು, ಸರದಿಯ ಮೇಲೆ ಒಂದೊಂದರಿಂದ ಸ್ವಲ್ಪ ಸ್ವಲ್ಪ ಕಳಿಸುವುದು. ಆಗ ಅಜ್ಜಿಯ ಮಾತು ಫೋಟೋಗಳ ಹಿಂದೆ ಕಾಯುವುದಿಲ್ಲ. ಎರಡನ್ನೂ ಕೂಡಿಸಿದ ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ವಿಧಾನಗಳು ಇಂದು ಲಿನಕ್ಸ್‌ನಲ್ಲಿ ಉಚಿತವಾಗಿವೆ. ಇದೇ ಕುಟುಂಬದ ಎಫ್‌ಕ್ಯೂ-ಪೈ ಎಂಬುದನ್ನು ಲಿನಕ್ಸ್ ಕರ್ನೆಲ್‌ಗೆ ಸೇರಿಸಿದವರು ಸುರತ್ಕಲ್‌ನ ಎನ್‌ಐಟಿಕೆಯ ಪ್ರಾಧ್ಯಾಪಕ ಮೋಹಿತ್ ತಾಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. 2020ರ ಮಾರ್ಚ್‌ನಲ್ಲಿ ಹೊರಬಂದ 5.6ನೇ ಆವೃತ್ತಿಯಿಂದ ಅದು ಜಗತ್ತಿನ ಎಲ್ಲರಿಗೂ ಸಿಗುತ್ತಿದೆ. ಮಾಟುಂಗದ ಉಡುಪಿ ಹೋಟೆಲುಗಳನ್ನು ಕಟ್ಟಿದವರು ಬಂದ ಕರಾವಳಿಯೇ ಈ ಕೆಲಸವನ್ನೂ ಕೊಟ್ಟಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ಎಷ್ಟು ಒಳ್ಳೆಯ ಬಾಗಿಲಾದರೂ ಸಾಲು ಇರುವ ಜಾಗದಲ್ಲಿ ಇಲ್ಲದಿದ್ದರೆ ವ್ಯರ್ಥ. ಸಾಲು ಬೆಳೆಯುವುದು ದಾರಿಯ ಅತಿ ಕಿರಿದಾದ ಕಡೆ. ಅದು ಸಾಮಾನ್ಯವಾಗಿ ಕಂಪನಿಯ ಪೆಟ್ಟಿಗೆಯಲ್ಲಿರುತ್ತದೆ, ಅಲ್ಲಿ ನಮ್ಮ ಕೈ ನಡೆಯದು. ಆದ್ದರಿಂದ ನಮ್ಮ ರೂಟರನ್ನೇ ಉದ್ದೇಶಪೂರ್ವಕವಾಗಿ ಎಲ್ಲಕ್ಕಿಂತ ಕಿರಿದು ಮಾಡಬೇಕು. ಕೇಬಲ್ ಜೋಡಿಸಿ ರಾತ್ರಿ ಅಳೆದಾಗ ಡೌನ್‌ಲೋಡ್ 95, ಅಪ್‌ಲೋಡ್ 40 ಬಂದಿದ್ದರೆ ರೂಟರಿನಲ್ಲಿ ಮಿತಿಯನ್ನು 85 ಮತ್ತು 36ಕ್ಕೆ ಇಡಿ. ಹತ್ತರಲ್ಲೊಂದು ಪಾಲು ವೇಗ ಬಿಟ್ಟುಕೊಟ್ಟಂತಾಯಿತು. ಬದಲಿಗೆ ಸಾಲು ಮನೆಗೆ ಬಂತು. ಮತ್ತೆ ಪಿಂಗ್ ಹಾಕಿ ತುಂಬಿದ ದಾರಿಯಲ್ಲಿ ಅಳೆಯಿರಿ. ವಿಳಂಬ ಇನ್ನೂ ಮೂವತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಏರುತ್ತಿದ್ದರೆ ಮಿತಿಯನ್ನು ಇನ್ನಷ್ಟು ತಗ್ಗಿಸಿ, ಏರದಿದ್ದರೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗಿ, ಏರತೊಡಗಿದ ಕಡೆ ನಿಲ್ಲಿಸಿ. ಒಳಬರುವ ಡೇಟಾವನ್ನು ನಾವು ಹೇಗೆ ತಡೆದೇವು ಎಂದು ಕೇಳುವವರಿದ್ದಾರೆ. ನಮ್ಮ ರೂಟರು ಬೀಳಿಸಿದ ಪ್ಯಾಕೆಟ್ಟನ್ನು ಕಂಡು ದೂರದ ಸರ್ವರು ತಾನೇ ದರ ಇಳಿಸುತ್ತದೆ.

ಈ ಸೌಲಭ್ಯದ ಹೆಸರು ಎಸ್‌ಕ್ಯೂಎಂ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಬಹುದಾದ ರೂಟರುಗಳಲ್ಲಿ ಅದನ್ನು ಸೇರಿಸಿಕೊಂಡು ಕೇಕ್ ಆಯ್ದುಕೊಳ್ಳುವುದು ನನ್ನ ಮೊದಲ ಸಲಹೆ. ಹೊಸ ರೂಟರು ಕೊಳ್ಳುವಾಗ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವರು ಎಷ್ಟು ಆಂಟೆನಾ ಎಂದು ತೋರಿಸುತ್ತಾರೆ. ನೀವು ಕೇಳಬೇಕಾದ್ದು ಓಪನ್‌ಡಬ್ಲ್ಯುಆರ್‌ಟಿ ನಡೆಯುತ್ತದೆಯೇ, ನಿಮ್ಮ ಪ್ಲಾನಿನ ವೇಗದಲ್ಲಿ ಎಸ್‌ಕ್ಯೂಎಂ ಮಾಡುವಷ್ಟು ಪ್ರೊಸೆಸರಿಗೆ ಶಕ್ತಿಯಿದೆಯೇ ಎಂದು. ಅಗ್ಗದ ರೂಟರುಗಳು ನೂರು ಎಂಬಿಪಿಎಸ್ ದಾಟಿದರೆ ಏದುಸಿರುಬಿಡುತ್ತವೆ. ಕಂಪನಿ ಕೊಟ್ಟ ರೂಟರೇ ಇರುವವರು ಅದರ ಸೆಟ್ಟಿಂಗ್‌ನಲ್ಲಿ ಕ್ಯೂಓಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂಬುದಿದೆಯೇ ನೋಡಿ, ಅಪ್‌ಲೋಡ್ ಮಿತಿಯನ್ನಾದರೂ ಹಾಕಿಕೊಳ್ಳಿ. ವಿಡಿಯೋ ಕಾಲನ್ನು ಹಾಳುಗೆಡಹುವುದು ಹೆಚ್ಚಾಗಿ ಅಪ್‌ಲೋಡೇ. ಏರ್‌ಫೈಬರಿನಂತಹ ನಿಸ್ತಂತು ಸಂಪರ್ಕದಲ್ಲಿ ವೇಗ ಗಳಿಗೆಗೊಂದು ಥರ ಇರುತ್ತದಾದ್ದರಿಂದ ಅಲ್ಲಿ ಮಿತಿಯನ್ನು ಅತಿ ಕಡಿಮೆ ಕಂಡ ವೇಗದ ಲೆಕ್ಕದಲ್ಲೇ ಇಡಬೇಕು.

ರೂಟರ್ ಮುಟ್ಟಲು ಧೈರ್ಯವಿಲ್ಲದವರಿಗೆ ಬೇರೆ ದಾರಿಯಿದೆ, ದಟ್ಟಣೆ ಹುಟ್ಟುವ ಕಡೆಯೇ ದರ ಕಟ್ಟುವುದು. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್‌ಗಳ ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ದರಕ್ಕೆ ಮಿತಿ ಹಾಕಬಹುದು. ವಿಂಡೋಸ್ ಅಪ್‌ಡೇಟಿಗೆ ಡೆಲಿವರಿ ಆಪ್ಟಿಮೈಸೇಶನ್ ಎಂಬಲ್ಲಿ ಮಿತಿಯಿದೆ. ಕ್ಲೌಡಿಗೆ ಹಗಲುರಾತ್ರಿ ವಿಡಿಯೋ ಕಳಿಸುವ ಸಿಸಿಟಿವಿ ಕ್ಯಾಮೆರಾವನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ಅದರ ಬಿಟ್‌ರೇಟ್ ಇಳಿಸಿದರೆ ಮನೆಗೆ ಮನೆಯೇ ಉಸಿರಾಡುತ್ತದೆ.

ಕೇಬಲ್‌ನಲ್ಲಿ ಎಲ್ಲ ಸರಿಯಿದ್ದು ಮೊಬೈಲಿನಲ್ಲಷ್ಟೇ ತೊಂದರೆಯಿದ್ದರೆ ವೈಫೈ ಕಾರಣ. ಒಂದಕ್ಕೊಂದು ಅಂಟಿಕೊಂಡ ನಮ್ಮ ಬಿಲ್ಡಿಂಗುಗಳಲ್ಲಿ ಅಕ್ಕಪಕ್ಕದ ಇಪ್ಪತ್ತು ಮನೆಗಳ ರೂಟರುಗಳು 2.4 ಗಿಗಾಹರ್ಟ್ಸ್‌ನಲ್ಲಿ ಕಿತ್ತಾಡುತ್ತಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6, 11. ಟಿವಿ, ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಹಳೆಯ ಕಟ್ಟಡಗಳ ದಪ್ಪ ಗೋಡೆಯನ್ನು ಅದು ಚೆನ್ನಾಗಿ ದಾಟುವುದಿಲ್ಲ, ಆದ್ದರಿಂದ ರೂಟರು ಬಾಗಿಲ ಮೂಲೆಯಿಂದ ಮನೆಯ ನಡುವಿಗೆ ಬರಬೇಕು.

ಸಭಾಂಗಣದಿಂದ ನೇರಪ್ರಸಾರ

ಮುಂಬಯಿಯ ಕನ್ನಡ ಸಂಘಗಳ ಕಾರ್ಯಕ್ರಮಗಳನ್ನು ಈಗ ಊರಲ್ಲಿ ಕೂತು ನೋಡುವವರು ಬಹಳ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗದಲ್ಲಿ ತಾಳಮದ್ದಳೆಯೋ ನಾಟಕವೋ ನೇರಪ್ರಸಾರ ಮಾಡಲು ಹೊರಟ ಯುವಕರಿಗೆ ಎರಡು ಮಾತು. ಪ್ರೇಕ್ಷಕರಿಗೆ ಕೊಟ್ಟ ವೈಫೈಯಲ್ಲಿ ಪ್ರಸಾರ ಮಾಡಬೇಡಿ. ಪ್ರಸಾರದ ಲ್ಯಾಪ್‌ಟಾಪಿಗೆ ಕೇಬಲ್ಲೇ ಇರಲಿ. ಅಳೆದ ಅಪ್‌ಲೋಡ್ ವೇಗದ ಅರ್ಧಕ್ಕಿಂತ ಬಿಟ್‌ರೇಟ್ ಮೀರಬಾರದು: 8 ಎಂಬಿಪಿಎಸ್ ಸಿಕ್ಕರೆ 4ಕ್ಕೆ ನಿಲ್ಲಿಸಿ. ಒಬಿಎಸ್ ಎಂಬ ಪ್ರಸಾರ ತಂತ್ರಾಂಶ ಬಳಸುವವರು ಅದರ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ, ದಟ್ಟಣೆ ಕಂಡಾಗ ಬಿಟ್‌ರೇಟನ್ನು ತಾನಾಗಿ ಇಳಿಸುವ ಆಯ್ಕೆಗೆ ಗುರುತು ಹಾಕಿಡಿ. ಚಿತ್ರ ಸ್ವಲ್ಪ ಮಸುಕಾದರೂ ಭಾಗವತರ ಪದ ತುಂಡಾಗಬಾರದು.

ಗಿರಾಕಿಗಳಿಗೆ ವೈಫೈ ಕೊಡುವ ಹೋಟೆಲು, ಅಂಗಡಿಗಳವರು ತಲೆಗೆ 2 ಎಂಬಿಪಿಎಸ್ ಎಂದು ಖಾಯಂ ಮಿತಿ ಹಾಕುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಖಾಲಿ ಹೊತ್ತಿನಲ್ಲಿ ಇದ್ದ ವೇಗವೆಲ್ಲ ಯಾರಿಗೂ ಸಲ್ಲದೆ ಹೋಗುತ್ತದೆ, ತುಂಬಿದ ಹೊತ್ತಿನಲ್ಲಿ ಆ 2 ಎಂಬಿಪಿಎಸ್ ಕೂಡ ಸಿಗುವುದಿಲ್ಲ. ಇದ್ದುದನ್ನು ಇದ್ದವರಿಗೆ ಸಮನಾಗಿ ಹಂಚುವ ಸಾಲು ಮೇಲು. ಗಲ್ಲಾಪೆಟ್ಟಿಗೆಯ ಬಿಲ್ಲಿಂಗ್, ಯುಪಿಐ ಯಂತ್ರಗಳನ್ನು ಮಾತ್ರ ಬೇರೆ ಜಾಲದಲ್ಲಿಟ್ಟು ಅವಕ್ಕೆ ಮೊದಲ ಸರದಿ ಕೊಡಿ.

ಕಂಪನಿಯ ಪಾಲು

ಬೆಳಿಗ್ಗೆ ಎಲ್ಲ ಚೆನ್ನಾಗಿದ್ದು, ಮನೆಯಲ್ಲಿ ಬೇರಾರೂ ನೆಟ್ ಬಳಸದಿದ್ದರೂ ರಾತ್ರಿ ವಿಳಂಬ ಏರುತ್ತಿದ್ದರೆ ಸಾಲು ಮನೆಯ ಆಚೆಗಿದೆ. ಜಿಪಾನ್ ಫೈಬರಿನಲ್ಲಿ ಒಂದೇ ಎಳೆಯ ಸುಮಾರು 2.5 ಜಿಬಿಪಿಎಸ್ ಡೌನ್‌ಲೋಡನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದುಂಟು. ಅಲ್ಲಿಂದಾಚೆಗೆ ಕಂಪನಿಯ ಮುಖ್ಯದಾರಿಯೂ ತುಂಬಿರಬಹುದು. ಸಾಲಿನ ಗಣಿತ ಇಲ್ಲಿ ಕಟುವಾಗಿದೆ: ಅತಿ ಸರಳ ಮಾದರಿಯಲ್ಲೇ ದಾರಿ ಅರ್ಧ ತುಂಬಿದ್ದಾಗ ಒಂದು ಪ್ಯಾಕೆಟ್ಟಿಗೆ ಖಾಲಿ ದಾರಿಯ ಎರಡರಷ್ಟು ಸಮಯ ಹಿಡಿದರೆ, 80 ಶೇಕಡ ತುಂಬಿದಾಗ ಐದರಷ್ಟು, 90ಕ್ಕೆ ಹತ್ತರಷ್ಟು, 95ಕ್ಕೆ ಇಪ್ಪತ್ತರಷ್ಟು ಹಿಡಿಯುತ್ತದೆ. ಬ್ರಾಡ್‌ಬ್ಯಾಂಡ್ ಗುಣಮಟ್ಟದ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ತಂದ ನಿಯಮದಲ್ಲಿ ದಟ್ಟಣೆಯ ಹೊತ್ತಿನಲ್ಲೂ ಕಂಪನಿಯ ಒಳದಾರಿಗಳ ಬಳಕೆ 80 ಶೇಕಡದೊಳಗೆ ಇರಬೇಕೆಂದು ಹೇಳಿದ್ದಕ್ಕೆ ಈ ಗಣಿತವೇ ಸಮರ್ಥನೆ. ವಿಜೆಟಿಐಯಂತಹ ಕಾಲೇಜುಗಳಲ್ಲಿ ಓದುತ್ತಿರುವವರು ಇದರ ಆಳಕ್ಕಿಳಿಯಬೇಕೆಂದರೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಜಾಯ್ ಕುರಿ ಮತ್ತು ಪವಾಯಿ ಐಐಟಿಯ ಡಿ. ಮಂಜುನಾಥ್ ಸೇರಿ 2004ರಲ್ಲಿ ಬರೆದ ಕಮ್ಯುನಿಕೇಶನ್ ನೆಟ್‌ವರ್ಕಿಂಗ್ ಪುಸ್ತಕ ಹಿಡಿಯಲಿ.

ದೂರು ಕೊಡುವ ಮುನ್ನ ನಿಮ್ಮ ಪ್ಲಾನಿನ ಸಣ್ಣ ಅಕ್ಷರಗಳನ್ನು ಓದಿ. ಅನ್‌ಲಿಮಿಟೆಡ್ ಎಂದಿದ್ದರೂ ತಿಂಗಳಿಗೆ ಇಷ್ಟು ಜಿಬಿಯ ನಂತರ ವೇಗ ಇಳಿಸುತ್ತೇವೆ ಎಂಬ ಷರತ್ತು ಇರುತ್ತದೆ; ತಿಂಗಳ ಕೊನೆಯಲ್ಲಷ್ಟೇ ನೆಟ್ ಕುಂಟಿದರೆ ಕಾರಣ ಅದೇ ಇರಬಹುದು. ಅದಲ್ಲವಾದರೆ ಕಸ್ಟಮರ್ ಕೇರ್‌ಗೆ ಬರೀ "ನೆಟ್ ಸ್ಲೋ" ಎನ್ನಬೇಡಿ, ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಮುಗಿಸಿಬಿಡುತ್ತಾರೆ. ಕೇಬಲ್ ಜೋಡಿಸಿ ಅಳೆದದ್ದು, ಬೆಳಿಗ್ಗೆ ಇಷ್ಟು ಮಿಲಿಸೆಕೆಂಡ್, ರಾತ್ರಿ ಇಷ್ಟು, ಮನೆಯಲ್ಲಿ ಬೇರೆ ಬಳಕೆ ಇರಲಿಲ್ಲ ಎಂದು ಒಂದು ವಾರದ ಅಂಕಿಗಳನ್ನು ಸ್ಕ್ರೀನ್‌ಶಾಟ್ ಸಮೇತ ಬರೆದು ಕಳಿಸಿ, ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅದೇ ಬಿಲ್ಡಿಂಗಿನ ಇನ್ನೂ ನಾಲ್ಕು ಮನೆಯವರು ಅದೇ ಹೊತ್ತಿನ ಅಂಕಿಗಳೊಡನೆ ದೂರು ಕೊಟ್ಟರೆ ತಂತ್ರಜ್ಞ ನಿಮ್ಮ ರೂಟರು ಬಿಟ್ಟು ಟೆರೇಸಿನ ಪೆಟ್ಟಿಗೆಯತ್ತ ನೋಡುತ್ತಾನೆ. ಉತ್ತರ ತೃಪ್ತಿ ಕೊಡದಿದ್ದರೆ ಮೇಲ್ಮನವಿ ಸಲ್ಲಿಸಿ: ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕೆಂದು ಟ್ರಾಯ್ 2012ರ ನಿಯಮ ಹೇಳುತ್ತದೆ. ಅಲ್ಲಿಗೆ ಹೋಗಲು ಶುಲ್ಕವಿಲ್ಲ, ಆ ಡಾಕೆಟ್ ನಂಬರೊಂದು ಕೈಯಲ್ಲಿರಬೇಕು.